ಮೊಟ್ಟೆಯೊಳಗೆ ರೆಕ್ಕೆ-ಕಾಲುಗಳು ರೂಪುಗೊಳ್ಳುವ ಬಗೆ

(ಶತಮಾನೋತ್ಸವದ ಅಂಗವಾಗಿ ನಡೆದ ರಕ್ಷಕರ ಹಾಗೂ ಹಳೆವಿದ್ಯಾರ್ಥಿಗಳ ಸಮಾವೇಶದಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತರೂಪ)



ನಮ್ಮ ಶಾಲೆಯು ನೂರು ವರ್ಷಗಳನ್ನು ಪೂರೈಸಿದ ಈ ಶುಭಸಂದರ್ಭದಲ್ಲಿ ಶಾಲೆಯ ಇತಿಹಾಸವನ್ನು ಕುರಿತು ಹಿರಿಯರು ಬಹಳಷ್ಟು ಹೇಳಿದ್ದಾರೆ. ಅದನ್ನೇ ಪುನರುಚ್ಚರಿಸದೆ, ನಮಗೆ ದೊರೆತ ಸಮಯವನ್ನು ಒಂದು ವಿಜ್ಞಾನ ವಿಷಯಕ್ಕೆ ಮೀಸಲಿಡಲು ಬಯಸಿದ್ದೇವೆ. ಅದಕ್ಕೊಂದು ಕಾರಣವಿದೆ. ಪ್ರತಿವರ್ಷವೂ ದಾಖಲಾತಿಯ ದಿನಗಳಲ್ಲಿ ಹೆತ್ತವರು ನಮ್ಮ ಮುಂದಿಡುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಟೀಚರೇ, ಭಾಷೆಯ ಪಾಠ, ಸಮಾಜದ ಪಾಠ ಕನ್ನಡದಲ್ಲಿ ಆದೀತು. ವಿಜ್ಞಾನ ಕನ್ನಡದಲ್ಲಿ ಆಗುವ ಮಾತೇ?” ಈ ಪ್ರಶ್ನೆಯನ್ನು ನಾವು ಆಕ್ಷೇಪವೆಂದು ತಿಳಿದಿಲ್ಲ. ಮಕ್ಕಳ ಮುಂದಿನ ಬದುಕಿನ ಚಿಂತೆಯಿಂದ ಹುಟ್ಟಿದ ಪ್ರಶ್ನೆ ಅದು. ಅದಕ್ಕೆ ವಾದದಿಂದ ಉತ್ತರಿಸುವುದಕ್ಕಿಂತ ಪಾಠ ಮಾಡಿ ಉತ್ತರಿಸುವುದು ಅಧ್ಯಾಪಕರಿಗೆ ಒಪ್ಪುವ ದಾರಿ. ಆದುದರಿಂದ ಇಂದಿನ ಜೀವವಿಜ್ಞಾನದಲ್ಲಿ ಬಹಳ ಆಳವಾದ ಅಧ್ಯಯನಕ್ಕೆ ಒಳಗಾದ ಒಂದು ವಿಷಯವನ್ನು ಆಯ್ದುಕೊಂಡಿದ್ದೇವೆ. ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ರೆಕ್ಕೆಯೂ ಕಾಲೂ ಹೇಗೆ ಮೂಡುತ್ತವೆ? ಬೆರಳು ಬೆರಳಾಗುವುದು ಹೇಗೆ?

ಇಲ್ಲಿರುವ ಮಕ್ಕಳಲ್ಲಿ ಕೋಳಿ ಕಾವು ಕೂರುವುದನ್ನು ನೋಡದವರು ಕಡಿಮೆ. ಇಪ್ಪತ್ತೊಂದು ದಿನಗಳ ಕಾವಿನ ಬಳಿಕ ಮರಿ ಹೊರಬರುತ್ತದೆ ಎಂಬುದು ನಮ್ಮ ಅಜ್ಜಿಯಂದಿರಿಗೆ ಯಾವ ಪುಸ್ತಕವೂ ಕಲಿಸದ ಜ್ಞಾನ. ಮೊಟ್ಟೆಯನ್ನು ದಿನಕ್ಕೊಂದರಂತೆ ಒಡೆದು, ಒಳಗಿನ ಬೆಳವಣಿಗೆಯನ್ನು ಬರೆದಿಟ್ಟವರಲ್ಲಿ ಪ್ರಾಚೀನ ಗ್ರೀಸಿನ ಅರಿಸ್ಟಾಟಲ್ ಪ್ರಸಿದ್ಧನು. ಮೂರು ದಿನ ಕಳೆದ ಮೊಟ್ಟೆಯಲ್ಲಿ ರಕ್ತದ ಚುಕ್ಕಿಯೊಂದು ಮಿಡಿಯುವುದನ್ನು ಆತನು ಕಂಡು, ಅದು ಹೃದಯವೆಂದು ಗುರುತಿಸಿದನು. ಮನುಷ್ಯನ ಅಥವಾ ಹಸುವಿನ ಭ್ರೂಣವು ತಾಯಿಯ ಒಡಲೊಳಗೆ ಮರೆಯಾಗಿರುತ್ತದೆ. ಕೋಳಿಯ ಭ್ರೂಣವಾದರೋ ಚಿಪ್ಪಿನ ಒಂದು ಪದರದಾಚೆಗೇ ಇದೆ. ಚಿಪ್ಪಿನಲ್ಲಿ ಪುಟ್ಟ ಕಿಂಡಿಯೊಂದನ್ನು ಕೊರೆದು, ಒಳಗೆ ಸೂಕ್ಷ್ಮವಾದ ಶಸ್ತ್ರಕ್ರಿಯೆ ನಡೆಸಿ, ಮತ್ತೆ ಕಿಂಡಿಯನ್ನು ಮುಚ್ಚಿ ಕಾವಿಗಿಟ್ಟರೆ ಬೆಳವಣಿಗೆ ಮುಂದುವರಿಯುತ್ತದೆ. ಹೀಗಾಗಿಯೇ ಭ್ರೂಣಶಾಸ್ತ್ರಜ್ಞರಿಗೆ ಕೋಳಿಮೊಟ್ಟೆ ಬಹುಮಟ್ಟಿಗೆ ತೆರೆದ ಪ್ರಯೋಗಾಲಯವಾಯಿತು. 1951ರಲ್ಲಿ ವಿಕ್ಟರ್ ಹ್ಯಾಂಬರ್ಗರ್ ಮತ್ತು ಹೋವರ್ಡ್ ಹ್ಯಾಮಿಲ್ಟನ್ ಎಂಬ ವಿಜ್ಞಾನಿಗಳು ಕೋಳಿಭ್ರೂಣದ ಬೆಳವಣಿಗೆಯನ್ನು 46 ಹಂತಗಳಾಗಿ ವಿಂಗಡಿಸಿದರು. ಜಗತ್ತಿನ ಪ್ರಯೋಗಾಲಯಗಳು ಇಂದಿಗೂ ಆ ವಿಂಗಡಣೆಯನ್ನೇ ಅನುಸರಿಸುತ್ತವೆ.

ಕಾವಿನ ಮೂರನೆಯ ದಿನ ಭ್ರೂಣದ ಎರಡೂ ಪಕ್ಕಗಳಲ್ಲಿ ಮುಂದೆ ಒಂದು, ಹಿಂದೆ ಒಂದು ಎಂಬಂತೆ ನಾಲ್ಕು ಸಣ್ಣ ಉಬ್ಬುಗಳು ಕಾಣಿಸಿಕೊಳ್ಳುತ್ತವೆ. ಗಿಡದ ಕಣ್ಣಿನಲ್ಲಿ ಚಿಗುರು ಒಡೆಯುವಂತೆ ತೋರುವ ಇವನ್ನು ನಾವು ಅಂಗಮೊಗ್ಗುಗಳೆಂದು ಕರೆಯಬಹುದು. ಮುಂದಿನ ಜೋಡಿ ರೆಕ್ಕೆಯಾಗುತ್ತದೆ, ಹಿಂದಿನ ಜೋಡಿ ಕಾಲಾಗುತ್ತದೆ. ಆದರೆ ಈ ಹಂತದಲ್ಲಿ ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡಿದರೂ ಮೊಗ್ಗಿನೊಳಗೆ ರೆಕ್ಕೆಯ ಆಕಾರವಿಲ್ಲ, ಕಾಲಿನ ಆಕಾರವೂ ಇಲ್ಲ. ಒಂದೇ ತೆರನಾಗಿ ಕಾಣುವ ಜೀವಕೋಶಗಳ ಮುದ್ದೆ, ಅದರ ಮೇಲೊಂದು ತೆಳುವಾದ ಹೊರಪದರ, ಇಷ್ಟೇ. ಇನ್ನು ಒಂದು ವಾರ ಕಳೆಯುವಷ್ಟರಲ್ಲಿ ಅದೇ ಮುದ್ದೆಯಲ್ಲಿ ತೋಳಿನ ಒಂದು ಎಲುಬು, ಮುಂದೋಳಿನ ಎರಡು ಎಲುಬುಗಳು, ಮಣಿಕಟ್ಟು, ಮೂರು ಬೆರಳುಗಳು ಮೃದ್ವಸ್ಥಿಯ ರೂಪದಲ್ಲಿ ಕ್ರಮವಾಗಿ ನಿಂತಿರುತ್ತವೆ. ಕಾಲಿನಲ್ಲಿ ತೊಡೆಯಿಂದ ಹಿಡಿದು ನಾಲ್ಕು ಬೆರಳುಗಳ ತನಕ ಎಲ್ಲವೂ ಸಿದ್ಧವಾಗಿರುತ್ತವೆ.

ಬೀಜದೊಳಗೆ ಪುಟ್ಟ ಮರವೇ ಅಡಗಿರುವಂತೆ ಮೊಟ್ಟೆಯೊಳಗೆ ಪುಟ್ಟ ಕೋಳಿಯೇ ಅಡಗಿದೆ, ಅದು ಹಿಗ್ಗಿ ದೊಡ್ಡದಾಗುತ್ತದೆ ಎಂದು ಒಂದು ಕಾಲದಲ್ಲಿ ಪಂಡಿತರೂ ನಂಬಿದ್ದರು. ಅದು ನಿಜವಲ್ಲ. ಮೊಗ್ಗಿನೊಳಗೆ ಮೊದಲೇ ಬರೆದಿಟ್ಟ ಚಿತ್ರವಿಲ್ಲ. ಹಾಗಾದರೆ ಒಂದು ಜೀವಕೋಶಕ್ಕೆ ತಾನು ಮೊಣಕೈಯಾಗಬೇಕೋ ಬೆರಳಾಗಬೇಕೋ ಎಂಬುದು ತಿಳಿಯುವುದು ಹೇಗೆ?

ಈ ಪ್ರಶ್ನೆಗೆ ಮೊದಲ ಸ್ಪಷ್ಟ ಸುಳಿವು ದೊರೆತದ್ದು 1948ರಲ್ಲಿ. ಅಮೆರಿಕದ ಜಾನ್ ಸೌಂಡರ್ಸ್ ಎಂಬ ಭ್ರೂಣಶಾಸ್ತ್ರಜ್ಞರು ರೆಕ್ಕೆಯ ಮೊಗ್ಗಿನ ತುದಿಯಲ್ಲಿ ಹೊರಪದರವು ಸ್ವಲ್ಪ ದಪ್ಪವಾಗಿ, ಗದ್ದೆಯ ಹುಣಿಯಂತೆ ಒಂದು ಏಣಾಗಿ ನಿಂತಿರುವುದನ್ನು ಗಮನಿಸಿ, ಅದನ್ನು ಕತ್ತರಿಸಿ ತೆಗೆದರು. ಬೇಗನೆ ತೆಗೆದಾಗ ತೋಳಿನ ಮೇಲ್ಭಾಗವಷ್ಟೇ ಬೆಳೆದು ಮುಂದಿನದೆಲ್ಲ ನಿಂತುಹೋಯಿತು. ತಡವಾಗಿ ತೆಗೆದಾಗ ಮುಂದೋಳು ಕೂಡ ಬಂದು, ಬೆರಳುಗಳು ಮಾತ್ರ ಇಲ್ಲವಾದವು. ಅಂದರೆ ಅಂಗವು ಭುಜದ ಕಡೆಯಿಂದ ತುದಿಯ ಕಡೆಗೆ ಕ್ರಮವಾಗಿ ನಿಶ್ಚಯವಾಗುತ್ತ ಹೋಗುತ್ತದೆ, ಅದು ಮುಂದುವರಿಯಲು ತುದಿಯ ಏಣಿನಿಂದ ನಿರಂತರವಾದ ಒಂದು ಸಂದೇಶ ಬೇಕು ಎಂದಾಯಿತು. ಆ ಸಂದೇಶ ಏನೆಂದು ತಿಳಿಯಲು ಇನ್ನೂ ನಾಲ್ಕೂವರೆ ದಶಕಗಳು ಹಿಡಿದವು. ಅದು ಬೆಳವಣಿಗೆಯನ್ನು ಪ್ರಚೋದಿಸುವ ಒಂದು ಬಗೆಯ ಪ್ರೊಟೀನು. 1993ರಲ್ಲಿ ವಿಜ್ಞಾನಿಗಳು ಏಣನ್ನು ತೆಗೆದುಹಾಕಿ, ಆ ಜಾಗದಲ್ಲಿ ಈ ಪ್ರೊಟೀನಿನಲ್ಲಿ ನೆನೆಸಿದ ಸೂಕ್ಷ್ಮ ಮಣಿಗಳನ್ನು ಇಟ್ಟಾಗ ಅಂಗವು ತುದಿಯವರೆಗೂ ಬೆಳೆಯಿತು. 1995ರಲ್ಲಿ ಇನ್ನೊಂದು ತಂಡವು ಅಂತಹುದೇ ಮಣಿಯನ್ನು ರೆಕ್ಕೆಗೂ ಕಾಲಿಗೂ ನಡುವೆ, ಏನೂ ಬೆಳೆಯಬಾರದ ಪಕ್ಕೆಯಲ್ಲಿ ಇಟ್ಟಿತು. ಅಲ್ಲಿ ಹೆಚ್ಚಿನ ಅಂಗವೊಂದು ಹೊರಟಿತು. ಪಕ್ಕೆಯ ಕೋಶಗಳಿಗೂ ಅಂಗವಾಗುವ ಸಾಮರ್ಥ್ಯವಿತ್ತು. ಅವುಗಳಿಗೆ ಸಂದೇಶ ಬಂದಿರಲಿಲ್ಲ, ಅಷ್ಟೇ.

ಇದು ಉದ್ದದ ಮಾತಾಯಿತು. ಇನ್ನು ಅಗಲದ ವಿಚಾರ. ನಿಮ್ಮ ಅಂಗೈಯನ್ನು ಒಮ್ಮೆ ನೋಡಿಕೊಳ್ಳಿ. ಒಂದು ಅಂಚಿನಲ್ಲಿ ಹೆಬ್ಬೆರಳು, ಇನ್ನೊಂದು ಅಂಚಿನಲ್ಲಿ ಕಿರುಬೆರಳು, ಇವೆರಡರ ಸ್ಥಾನ ಅದಲುಬದಲಾಗುವುದಿಲ್ಲ. ಸೌಂಡರ್ಸರು ಮೇರಿ ಗ್ಯಾಸ್ಲಿಂಗ್ ಎಂಬ ಸಹಸಂಶೋಧಕಿಯೊಡನೆ 1968ರಲ್ಲಿ ಪ್ರಕಟಿಸಿದ ಕಸಿ ಪ್ರಯೋಗ ಇಲ್ಲಿ ಮುಖ್ಯವಾದುದು. ಕಸಿ ಎಂದರೆ ತೋಟಗಾರರಾದ ನಮ್ಮ ಹೆತ್ತವರಿಗೆ ವಿವರಿಸಬೇಕಾಗಿಲ್ಲ. ರೆಕ್ಕೆಯ ಮೊಗ್ಗಿನ ಹಿಂದಿನ ಅಂಚಿನಿಂದ, ಎಂದರೆ ಕಿರುಬೆರಳಿನ ಕಡೆಯಿಂದ, ಒಂದು ಚೂರು ಅಂಗಾಂಶವನ್ನು ತೆಗೆದು ಇನ್ನೊಂದು ಭ್ರೂಣದ ರೆಕ್ಕೆಮೊಗ್ಗಿನ ಮುಂದಿನ ಅಂಚಿಗೆ ಕಸಿ ಕಟ್ಟಿದರು. ಕೋಳಿಯ ರೆಕ್ಕೆಯ ಬೆರಳುಗಳನ್ನು ಮುಂದಿನಿಂದ ಹಿಂದಕ್ಕೆ ಒಂದು, ಎರಡು, ಮೂರು ಎಂದು ಎಣಿಸುವುದಾದರೆ, ಕಸಿಗೊಂಡ ರೆಕ್ಕೆಯಲ್ಲಿ ಮೂರು, ಎರಡು, ಒಂದು, ಒಂದು, ಎರಡು, ಮೂರು ಎಂಬ ಕ್ರಮದಲ್ಲಿ ಆರು ಬೆರಳುಗಳು ಮೂಡಿದವು. ನಡುವೆ ಕನ್ನಡಿ ಹಿಡಿದಂತಹ ಜೋಡಣೆ. ಗಮನಿಸಬೇಕಾದ ಸಂಗತಿಯೆಂದರೆ ಹೊಸ ಬೆರಳುಗಳನ್ನು ಮುಖ್ಯವಾಗಿ ಕಟ್ಟಿದ್ದು ಕಸಿಯ ಚೂರಲ್ಲ, ಅದರ ನೆರೆಯಲ್ಲಿದ್ದ ಕೋಶಗಳು. ಕಸಿಯು ನೆರೆಯವರಿಗೆ ಏನೋ ಹೇಳಿತು, ನೆರೆಯವರು ಅದರಂತೆ ನಡೆದರು.

ಲಂಡನ್ನಿನ ಲೂಯಿಸ್ ವೋಲ್ಪರ್ಟ್ ಎಂಬವರು ಇದಕ್ಕೆ ಒಂದು ತತ್ವವನ್ನು ಮುಂದಿಟ್ಟರು. ಸಿವಿಲ್ ಇಂಜಿನಿಯರಿಂಗ್ ಕಲಿತು ಆ ಬಳಿಕ ಜೀವಶಾಸ್ತ್ರಕ್ಕೆ ಬಂದ ಅವರು 1969ರಲ್ಲಿ ‘ಸ್ಥಾನಮಾಹಿತಿ’ ಎಂಬ ಕಲ್ಪನೆಯನ್ನು ಪ್ರತಿಪಾದಿಸಿದರು. ಈ ಸಭಾಂಗಣದ ಒಂದು ಮೂಲೆಯಲ್ಲಿ ಊದುಬತ್ತಿ ಹಚ್ಚಿದ್ದಾರೆ ಎಂದು ಭಾವಿಸೋಣ. ಹತ್ತಿರ ಕುಳಿತವರಿಗೆ ಪರಿಮಳ ಗಾಢವಾಗಿಯೂ, ನಡುವಿನವರಿಗೆ ಹಿತವಾಗಿಯೂ, ಕೊನೆಯವರಿಗೆ ಇದೆಯೋ ಇಲ್ಲವೋ ಎಂಬಂತೆಯೂ ತಿಳಿಯುತ್ತದೆ. ಕಣ್ಣು ಮುಚ್ಚಿದ್ದರೂ ತಾವು ಊದುಬತ್ತಿಯಿಂದ ಎಷ್ಟು ದೂರ ಕುಳಿತಿದ್ದೇವೆಂದು ಪ್ರತಿಯೊಬ್ಬರೂ ಹೇಳಬಲ್ಲರು. ಮೊಗ್ಗಿನ ಹಿಂದಿನ ಅಂಚಿನ ಕೋಶಗಳು ಇದೇ ರೀತಿ ಒಂದು ರಾಸಾಯನಿಕವನ್ನು ಹೊರಬಿಡುತ್ತವೆ, ಉಳಿದ ಕೋಶಗಳು ಅದರ ಸಾಂದ್ರತೆಯಿಂದ ತಮ್ಮ ಸ್ಥಾನವನ್ನು ಅರಿಯುತ್ತವೆ ಎಂಬುದು ಈ ವಾದದ ಸಾರ. ವೋಲ್ಪರ್ಟರ ಪ್ರಯೋಗಾಲಯದಲ್ಲಿಯೇ ದುಡಿದ ಶೆರಿಲ್ ಟಿಕಲ್ ಅವರು ಕಸಿಯ ಕೋಶಗಳ ಸಂಖ್ಯೆಯನ್ನು ಕಡಿಮೆ ಮಾಡುತ್ತ ಹೋದಾಗ, ಹೆಚ್ಚಿನ ಬೆರಳುಗಳಲ್ಲಿ ಹಿಂದಂಚಿನ ಗುಣವೂ ಕಡಿಮೆಯಾಗುತ್ತ ಹೋಯಿತು. ಕೆಲವೇ ಕೋಶಗಳನ್ನಿಟ್ಟರೆ ಮುಂದಿನ ಮೊದಲ ಬೆರಳೊಂದೇ ಎರಡನೆಯ ಬಾರಿ ಮೂಡಿತು.

ಆ ರಾಸಾಯನಿಕದ ಗುರುತು ಸಿಕ್ಕಿದ್ದು 1993ರಲ್ಲಿ, ಕ್ಲಿಫರ್ಡ್ ಟ್ಯಾಬಿನ್ ಮತ್ತು ಸಂಗಡಿಗರ ಸಂಶೋಧನೆಯಿಂದ. ಹಣ್ಣುನೊಣದಲ್ಲಿ ಮೊದಲು ಪತ್ತೆಯಾಗಿದ್ದ ‘ಹೆಡ್ಜ್‌ಹಾಗ್’ ಎಂಬ ವಂಶವಾಹಿಯ ಬಂಧುವೊಂದು ಕೋಳಿಯ ಅಂಗಮೊಗ್ಗಿನ ಹಿಂದಿನ ಅಂಚಿನಲ್ಲಿ ಕೆಲಸ ಮಾಡುತ್ತಿತ್ತು. ಅದಕ್ಕೆ ಒಂದು ವೀಡಿಯೊ ಆಟದ ಪಾತ್ರದ ಹೆಸರನ್ನೇ ಇಟ್ಟು ‘ಸೋನಿಕ್ ಹೆಡ್ಜ್‌ಹಾಗ್’ ಎಂದು ಕರೆದರು. ಮಕ್ಕಳಿಗೆ ಈ ಹೆಸರು ನಗು ತರಿಸಬಹುದು, ನಗಲಿ. ಇದರ ಸಾಂದ್ರತೆ ಮಾತ್ರವಲ್ಲ, ಕೋಶವೊಂದು ಎಷ್ಟು ಹೊತ್ತು ಇದರ ಸಂಪರ್ಕದಲ್ಲಿತ್ತು ಎಂಬುದೂ ಮುಖ್ಯವೆಂದು ಆಮೇಲಿನ ಸಂಶೋಧನೆಗಳು ತೋರಿಸಿದವು. ಹಾಗೆಯೇ ಅಂಗೈ ಯಾವ ಕಡೆ, ಮುಂಗೈಯ ಬೆನ್ನು ಯಾವ ಕಡೆ ಎಂಬ ಮೂರನೆಯ ದಿಕ್ಕನ್ನು ಹೊರಪದರವು ನಿರ್ಧರಿಸುತ್ತದೆ. ಈ ಮೂರು ಸಂದೇಶಗಳೂ ಒಂದರ ಮೇಲೊಂದು ಅವಲಂಬಿತವಾಗಿವೆ. ಏಣು ಸೊರಗಿದರೆ ಹಿಂದಂಚು ಸೊರಗುತ್ತದೆ, ಹಿಂದಂಚು ಸೊರಗಿದರೆ ಏಣು ಉಳಿಯುವುದಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡುವಂತಿಲ್ಲ. ಬೆರಳುಗಳು ಮೊದಲಿಗೆ ಬಿಡಿಬಿಡಿಯಾಗಿ ಹೊರಡುವುದಿಲ್ಲ. ಮೊಗ್ಗಿನ ತುದಿ ಮೊದಲು ಹುಟ್ಟಿನ ಅಲಗಿನಂತೆ ಚಪ್ಪಟೆಯಾಗುತ್ತದೆ. ಅದರೊಳಗೆ ಬೆರಳುಗಳ ಗೆರೆಗಳು ಮೂಡಿದ ಮೇಲೆ, ನಡುವಿನ ಜೀವಕೋಶಗಳು ನಿಯತ ಸಮಯಕ್ಕೆ ತಾವಾಗಿ ಸಾಯುತ್ತವೆ. ಹೀಗೆ ಕೋಳಿಯ ಕಾಲ್ಬೆರಳುಗಳು ಬೇರೆಬೇರೆಯಾಗುತ್ತವೆ. ಬಾತುಕೋಳಿಯಲ್ಲಿ ಸಾಯುವಂತೆ ಹೇಳುವ ಸಂದೇಶವನ್ನು ತಡೆಯುವ ಇನ್ನೊಂದು ಪ್ರೊಟೀನು ಬೆರಳುಗಳ ನಡುವೆ ಇರುವುದರಿಂದ ಆ ಕೋಶಗಳು ಉಳಿದು, ಈಜಲು ಬೇಕಾದ ಜಾಲಪಾದವಾಗುತ್ತವೆ. 1996ರಲ್ಲಿ ಕೋಳಿಭ್ರೂಣದ ಕಾಲಿನಲ್ಲಿ ಈ ಸಾವಿನ ಸಂದೇಶವನ್ನು ತಡೆದಾಗ ಕೋಳಿಗೂ ಬಾತಿನಂತಹ ಜಾಲಪಾದ ಬಂದಿತು.

ಇದೆಲ್ಲ ಕೋಳಿಯ ಕಥೆ, ನಮಗೇನು ಎಂದು ಯಾರೂ ಭಾವಿಸಬಾರದು. ಮನುಷ್ಯನ ಕೈಕಾಲುಗಳೂ ಇವೇ ಸಂದೇಶಗಳಿಂದ ರೂಪುಗೊಳ್ಳುತ್ತವೆ. ಗರ್ಭಧಾರಣೆಯಾಗಿ ಸುಮಾರು ನಾಲ್ಕು ವಾರಗಳಾಗುವಷ್ಟರಲ್ಲಿ ಕೈಗಳ ಮೊಗ್ಗು ಮೂಡುತ್ತದೆ, ಎಂಟು ವಾರಗಳ ಹೊತ್ತಿಗೆ ಬೆರಳುಗಳು ಬಿಡಿಯಾಗಿರುತ್ತವೆ. ತಾನು ಬಸುರಿ ಎಂಬುದು ತಾಯಿಗೆ ನಿಶ್ಚಯವಾಗುವ ದಿನಗಳಲ್ಲಿಯೇ ಮಗುವಿನ ಕೈಕಾಲುಗಳ ವಿನ್ಯಾಸ ನಡೆದಿರುತ್ತದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಥ್ಯಾಲಿಡೊಮೈಡ್ ಎಂಬ ಔಷಧವನ್ನು ಹಲವು ದೇಶಗಳ ಬಸುರಿಯರು ವಾಕರಿಕೆ ಮತ್ತು ನಿದ್ರಾಹೀನತೆಗೆಂದು ಸೇವಿಸಿದರು. ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಕೈಕಾಲುಗಳು ಕುಂಠಿತವಾಗಿ ಅಥವಾ ಇತರ ಅಂಗವೈಕಲ್ಯಗಳೊಂದಿಗೆ ಜನಿಸಿದ ಮೇಲೆ, 1961ರ ನವೆಂಬರ್ ಕೊನೆಯಲ್ಲಿ ಅಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ವೈದ್ಯಾಧಿಕಾರಿಣಿಯು ಸಾಕಷ್ಟು ಪುರಾವೆಯಿಲ್ಲವೆಂದು ಅದಕ್ಕೆ ಅನುಮತಿ ನೀಡದೆ ದೃಢವಾಗಿ ನಿಂತುದರಿಂದ ಆ ದೇಶ ಬಹುಮಟ್ಟಿಗೆ ಪಾರಾಯಿತು. ಆ ಔಷಧವು ಭ್ರೂಣದಲ್ಲಿ ಯಾವ ಪ್ರೊಟೀನಿಗೆ ಅಂಟಿಕೊಂಡು ಅಂಗಗಳನ್ನು ಕೆಡಿಸಿತೆಂಬುದನ್ನು ಜಪಾನಿನ ವಿಜ್ಞಾನಿಗಳು 2010ರಲ್ಲಿ ತೋರಿಸಿದರು. ಅದರಲ್ಲಿಯೂ ಕೋಳಿಭ್ರೂಣದ ನೆರವಿತ್ತು. ಬಸುರಿಯಾಗಬಹುದಾದ ಸ್ತ್ರೀಯು ವೈದ್ಯರನ್ನು ಕೇಳದೆ ಯಾವ ಗುಳಿಗೆಯನ್ನೂ ನುಂಗಬಾರದು ಎಂಬ ಎಚ್ಚರಿಕೆಯ ಹಿಂದೆ ಇಂತಹ ದುರಂತದ ಅನುಭವವಿದೆ.

ಹಾಗೆಂದು ಪ್ರತಿಯೊಂದು ವ್ಯತ್ಯಾಸಕ್ಕೂ ತಾಯಿಯನ್ನು ಹೊಣೆ ಮಾಡುವುದು ಘೋರ ಅನ್ಯಾಯ. ಗ್ರಹಣದ ದಿನ ಹೊರಗೆ ಬಂದಳು, ಕತ್ತಿ ಹಿಡಿದಳು, ಅದರಿಂದ ಮಗುವಿಗೆ ಹೀಗಾಯಿತು ಎಂಬ ಮಾತು ನಮ್ಮ ಮನೆಗಳಿಂದ ಇನ್ನೂ ಪೂರ್ತಿ ಹೋಗಿಲ್ಲ. ಆರು ಬೆರಳಿನ ಮಗುವೊಂದು ತರಗತಿಯಲ್ಲಿ ಕೈಯನ್ನು ಸದಾ ಪುಸ್ತಕದಡಿಯಲ್ಲಿ ಮರೆಸಿಟ್ಟುಕೊಳ್ಳುವುದನ್ನು ನಾವು ಕಂಡಿದ್ದೇವೆ. ಮಗುವಿಗಿಂತ ಹೆಚ್ಚಾಗಿ ಅದರ ತಾಯಿ ತಲೆ ತಗ್ಗಿಸಿ ನಿಂತುದನ್ನೂ ಕಂಡಿದ್ದೇವೆ. ಹೆಚ್ಚಿನ ಬೆರಳಿಗೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು 2003ರಲ್ಲಿ ಗುರುತಿಸಲಾಯಿತು. ಸೋನಿಕ್ ಹೆಡ್ಜ್‌ಹಾಗ್ ವಂಶವಾಹಿಯನ್ನು ಅಂಗಮೊಗ್ಗಿನಲ್ಲಿ ಎಲ್ಲಿ ಎಚ್ಚರಿಸಬೇಕೆಂದು ನಿಯಂತ್ರಿಸುವ ಒಂದು ತುಣುಕು ಡಿಎನ್‌ಎ ಅದರಿಂದ ಸುಮಾರು ಹತ್ತು ಲಕ್ಷ ಅಕ್ಷರಗಳಷ್ಟು ದೂರದಲ್ಲಿದೆ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಮುಂದಿನ ಅಂಚಿನಲ್ಲಿಯೂ ಸಂದೇಶ ಹೊರಟು ಹೆಚ್ಚಿನ ಬೆರಳು ಮೂಡಬಹುದು. ರೇಷ್ಮೆಯಂತಹ ಗರಿಗಳ ಸಿಲ್ಕಿ ಎಂಬ ಕೋಳಿತಳಿಗೆ ನಾಲ್ಕರ ಬದಲು ಐದು ಕಾಲ್ಬೆರಳುಗಳಿರುವುದಕ್ಕೂ ಇದೇ ತುಣುಕಿನಲ್ಲಾದ ಬದಲಾವಣೆಯೇ ಕಾರಣ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ತಾಯಿಯ ನಡತೆಗೂ ಸಂಬಂಧವಿಲ್ಲ. ಇಷ್ಟನ್ನು ಒಬ್ಬ ಅಜ್ಜಿಗೆ ಅವರ ಮನೆಮಾತಿನಲ್ಲಿ ಹೇಳಬಲ್ಲ ಒಬ್ಬ ವಿದ್ಯಾರ್ಥಿ ಪ್ರತಿ ಮನೆಯಲ್ಲಿಯೂ ಇರಬೇಕೆಂಬುದು ನಮ್ಮ ಆಸೆ. ಆ ವಿದ್ಯಾರ್ಥಿ ವಿಜ್ಞಾನವನ್ನು ತನಗೆ ಅರ್ಥವಾಗುವ ಭಾಷೆಯಲ್ಲಿ ಕಲಿತಿದ್ದರೆ ಮಾತ್ರ ಅದು ಸಾಧ್ಯ.

ಕೊನೆಯದಾಗಿ ಒಂದು ಪ್ರಯೋಗವನ್ನು ಉಳಿಸಿಕೊಂಡಿದ್ದೇವೆ. 1957ರಲ್ಲಿ ಸೌಂಡರ್ಸ್ ಮತ್ತು ಸಂಗಡಿಗರು ಕಾಲಿನ ಮೊಗ್ಗಿನಲ್ಲಿ ಮುಂದೆ ತೊಡೆಯಾಗಬೇಕಾಗಿದ್ದ ಕೋಶಗಳ ಒಂದು ತುಣುಕನ್ನು ತೆಗೆದು, ರೆಕ್ಕೆಯ ಮೊಗ್ಗಿನ ತುದಿಯಲ್ಲಿ, ಏಣಿನ ಅಡಿಯಲ್ಲಿ ಕಸಿ ಕಟ್ಟಿದರು. ಅದು ಏನಾದೀತು? ತನ್ನ ಹಿಂದಿನ ಹಾದಿಯನ್ನೇ ಹಿಡಿದರೆ ತೊಡೆಯಾಗಬೇಕು. ಹೊಸ ಜಾಗಕ್ಕೆ ಪೂರ್ತಿಯಾಗಿ ಒಗ್ಗಿದರೆ ರೆಕ್ಕೆಯ ತುದಿಯಾಗಬೇಕು. ಅದು ಎರಡೂ ಆಗಲಿಲ್ಲ. ರೆಕ್ಕೆಯ ತುದಿಯಲ್ಲಿ ಉಗುರೂ ಹುರುಪೆಯೂ ಉಳ್ಳ ಕಾಲ್ಬೆರಳುಗಳು ಮೂಡಿದವು. ಏಣು ಹೇಳಿದ್ದು ‘ನೀನು ತುದಿಯಲ್ಲಿದ್ದೀಯೆ’ ಎಂಬಷ್ಟನ್ನೇ. ಆ ಮಾತು ರೆಕ್ಕೆಗೂ ಕಾಲಿಗೂ ಒಂದೇ. ಕೋಶಗಳು ಅದನ್ನು ಕೇಳಿದವು, ಅದರಂತೆ ನಡೆದವು, ಆದರೆ ತಾವು ಕಾಲಿನ ಕೋಶಗಳೆಂಬ ಅರಿವನ್ನು ಬಿಡಲಿಲ್ಲ. ಕಾಲಿನ ತುದಿ ಎಂದರೆ ಕಾಲ್ಬೆರಳು. ಹೊಸ ನೆರೆಯ ಸಂದೇಶಕ್ಕೆ ಅವು ತಮ್ಮ ಹುಟ್ಟಿನ ಭಾಷೆಯಲ್ಲಿ ಉತ್ತರಿಸಿದವು.

ಜೀವಕೋಶಗಳ ನಡವಳಿಕೆಯಿಂದ ಮನುಷ್ಯಸಮಾಜಕ್ಕೆ ನಿಯಮ ಕಟ್ಟುವುದು ವಿಜ್ಞಾನವಲ್ಲ ಎಂಬುದನ್ನು ನಾವು ಬಲ್ಲೆವು. ರೆಕ್ಕೆಯ ತುದಿಯಲ್ಲಿ ಮೂಡಿದ ಕಾಲ್ಬೆರಳಿನಿಂದ ಆ ಮರಿಗೆ ಯಾವ ಪ್ರಯೋಜನವೂ ಇರಲಿಲ್ಲ ಎಂಬುದೂ ನಿಜ. ಆದರೂ ಈ ಪ್ರಯೋಗವನ್ನು ಓದುವಾಗಲೆಲ್ಲ ನಮಗೆ ಕಾಸರಗೋಡು ನೆನಪಾಗುತ್ತದೆ. ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಆರಂಭವಾದ ನಮ್ಮ ಶಾಲೆ 1956ರ ನವೆಂಬರ್ 1ರಂದು, ಇದ್ದ ಜಾಗದಿಂದ ಒಂದು ಗೇಣೂ ಕದಲದೆ, ಕೇರಳ ರಾಜ್ಯದ ಶಾಲೆಯಾಯಿತು. ಸುತ್ತಲಿನ ಸಂದೇಶಗಳು ಬದಲಾದವು. ಅವನ್ನು ಕೇಳಿಸಿಕೊಳ್ಳದೆ ಇರುವುದು ವಿವೇಕವಲ್ಲ. ನಮ್ಮ ಮಕ್ಕಳು ಮಲಯಾಳವನ್ನು ಚೆನ್ನಾಗಿ ಕಲಿಯಬೇಕು, ಇಂಗ್ಲಿಷನ್ನೂ ಕಲಿಯಬೇಕು. ಸಪ್ತಭಾಷೆಗಳ ನಾಡೆಂದು ಕರೆಸಿಕೊಂಡ ಈ ಮಣ್ಣಿನಲ್ಲಿ ನೆರೆಯ ಮಾತಿಗೆ ಕಿವಿ ಮುಚ್ಚಿಕೊಂಡವರು ಬೆಳೆಯಲಾರರು. ಆದರೆ ಕೇಳಿಸಿಕೊಂಡದ್ದನ್ನು ಅರ್ಥ ಮಾಡಿಕೊಳ್ಳಲು ಒಳಗೆ ಒಂದು ಭಾಷೆ ಗಟ್ಟಿಯಾಗಿರಬೇಕು.

ಗಡಿಯಾಚೆ ಇದ್ದು ಕನ್ನಡದಲ್ಲಿ ವಿಜ್ಞಾನವನ್ನು ಬರೆದವರಿಗೆ ದೊಡ್ಡ ನಿದರ್ಶನ ಬಿ.ಜಿ.ಎಲ್. ಸ್ವಾಮಿಯವರು. ಅವರು ಸಸ್ಯಗಳ ಭ್ರೂಣಶಾಸ್ತ್ರದಲ್ಲಿ ಅಂತರರಾಷ್ಟ್ರೀಯ ಮನ್ನಣೆ ಪಡೆದ ವಿಜ್ಞಾನಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆಗಿದ್ದರು. ಅಲ್ಲಿ ಇದ್ದುಕೊಂಡೇ ಗಿಡಮರಗಳ ವಿಜ್ಞಾನವನ್ನು ಕನ್ನಡದಲ್ಲಿ ರಸವತ್ತಾಗಿ ಬರೆದರು. ಅವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಮ್ಮ ನೆರೆಯ ಪುತ್ತೂರಿನಲ್ಲಿ ಬಾಳಿದ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೂ, ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಕೊಟ್ಟರು. ವಿಜ್ಞಾನಕ್ಕೆ ಕನ್ನಡ ಸಾಲದೆಂಬ ಮಾತಿಗೆ ಅವರೆಲ್ಲ ಬಹಳ ಹಿಂದೆಯೇ ಉತ್ತರ ಹೇಳಿಯಾಗಿದೆ. ಇಂದು ಇಷ್ಟು ಹೊತ್ತು ತಾವು ಕೇಳಿದ ವಿಷಯದಲ್ಲಿ ಕನ್ನಡದ ಕಾರಣದಿಂದ ಅರ್ಥವಾಗದೆ ಉಳಿದದ್ದು ಏನಾದರೂ ಇದ್ದರೆ ದಯವಿಟ್ಟು ನಮಗೆ ತಿಳಿಸಬೇಕು. ಆ ಭಾಗವನ್ನು ನಾಳೆ ಇನ್ನೂ ಸ್ಪಷ್ಟವಾಗಿ ಹೇಳಲು ನಾವು ಪ್ರಯತ್ನಿಸುತ್ತೇವೆ.

ಹೆತ್ತವರಲ್ಲಿ ನಮ್ಮದೊಂದು ವಿನಂತಿ. ಅಂಗಮೊಗ್ಗಿಗೆ ಸಂದೇಶ ಮುಟ್ಟಬೇಕಾದ ಕಾಲ ಬಹಳ ಸಣ್ಣದು. ಮಗುವಿನ ಕಲಿಕೆಯ ಮೊದಲ ವರ್ಷಗಳೂ ಹಾಗೆಯೇ. ಆ ವರ್ಷಗಳಲ್ಲಿ ಮಗು ಪ್ರಶ್ನೆ ಕೇಳುವ ಭಾಷೆಯಲ್ಲಿಯೇ ಅದಕ್ಕೆ ಉತ್ತರ ದೊರೆಯಲಿ. ಹಳೆವಿದ್ಯಾರ್ಥಿಗಳಲ್ಲಿ ವೈದ್ಯರಿದ್ದೀರಿ, ಪಶುವೈದ್ಯರಿದ್ದೀರಿ, ಪ್ರಯೋಗಾಲಯಗಳಲ್ಲಿ ದುಡಿಯುವವರೂ ಇದ್ದೀರಿ. ವರ್ಷಕ್ಕೆ ಒಂದು ದಿನ ಈ ಶಾಲೆಗೆ ಬಂದು ನಿಮ್ಮ ವಿದ್ಯೆಯನ್ನು ಕನ್ನಡದಲ್ಲಿ ಮಕ್ಕಳಿಗೆ ಹೇಳಿ. ಶಾಲೆಗೆ ನೀವು ಕೊಡಬಹುದಾದ ಕಾಣಿಕೆಗಳಲ್ಲಿ ಅದಕ್ಕಿಂತ ಹಿರಿದಾದುದು ನಮಗೆ ತೋರುವುದಿಲ್ಲ.